ಹೆಸರಿನ ಜಾಗ ಖಾಲಿ ಬಿಟ್ಟ ವಕಾಲತ್ತು

ಮೊನ್ನೆ ಗ್ಯಾಸಿನ ಕಾಗದ ಹುಡುಕಲು ಅಲ್ಮೆರಾದ ಮೇಲಿನಿಂದ ಹಳೆಯ ಪ್ಲಾಸ್ಟಿಕ್ ಫೈಲು ಇಳಿಸಿದೆ. ಬೇಕಾದದ್ದು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅವಧಿ ಮುಗಿದ ಬಸ್ ಪಾಸು, ಯಾರದೋ ಮದುವೆಯ ಕರೆಯೋಲೆ, ಅವುಗಳ ನಡುವೆ ನಾಲ್ಕಾಗಿ ಮಡಚಿದ ಒಂದು ಹಸಿರು ಹಾಳೆ. ಬಿಡಿಸಿ ಮೂಗಿನ ಹತ್ತಿರ ತಂದೆ. ಯಾಕೆ ತಂದೆನೋ... ಸ್ಟಾಂಪ್ ಪ್ಯಾಡಿನ ಮಸಿಯ ವಾಸನೆ, ಅದರ ಹಿಂದೆ ಎಲ್ಲೋ ಲಾವಂಚದ ಅತ್ತರು. ಅತ್ತರು ನಿಜವಾಗಿ ಉಳಿದಿತ್ತೋ, ನನ್ನ ಮೂಗೇ ಸೇರಿಸಿಕೊಂಡಿತೋ ಹೇಳಲಾರೆ.

ಅದೊಂದು ವಕಾಲತ್ತು. ಕೋರ್ಟಿನಲ್ಲಿ ನಮ್ಮ ಪರವಾಗಿ ನಿಲ್ಲಲು ಇಂಥ ವಕೀಲರನ್ನು ನೇಮಿಸಿಕೊಂಡಿದ್ದೇವೆ ಎಂದು ನಾವು ಸಹಿ ಮಾಡಿಕೊಡುವ ಕಾಗದ. ಈ ಹಾಳೆಯಲ್ಲಿ ಅಚ್ಚಾದ ಸಾಲುಗಳು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಹೆಸರಿನ ಜಾಗ ಖಾಲಿ, ವಕೀಲರ ಹೆಸರಿನ ಜಾಗವೂ ಖಾಲಿ. ಅದನ್ನು ನನಗೆ ಕೊಟ್ಟವರು ಸ್ವತಃ ವಕೀಲರು. ತಮ್ಮ ಹೆಸರನ್ನು ಅವರು ಬೇಕೆಂದೇ ಬರೆದಿರಲಿಲ್ಲ.

ಜೀವನ್ ಬಿಮಾ ನಗರಕ್ಕೆ ಬರುವ ಮೊದಲು ನಾನು ಶಿವಾಜಿನಗರದಲ್ಲಿ ಐದಾರು ವರ್ಷ ಇದ್ದೆ. ರಾಣೆಬೆನ್ನೂರಿನಿಂದ ಬಂದು ಒಂದು ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಸೇರಿದ ಹೊಸತು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಗೋದಾಮಿಗೂ ಟೈಲರ್ ಮನೆಗೂ ನಡುವೆ ಸಿಕ್ಕಿಕೊಂಡ ಮನೆ. ಕೆಳಗೆ ವಕೀಲರು ಮತ್ತು ಅವರ ಹೆಂಡತಿ, ಮೇಲಿನ ಎರಡು ಕೋಣೆ ಬಾಡಿಗೆಗೆ ನನಗೆ. ಗಲ್ಲಿಯವರೆಲ್ಲ ಅವರನ್ನು ವಕೀಲ್ ಸಾಬ್ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಖಾಲಾ, ಅಂದರೆ ಚಿಕ್ಕಮ್ಮ. ನನ್ನ ಬಾಯಿಗೂ ಅವೇ ಬಂದವು.

ಬೀಗದ ಕೈ ಕೊಟ್ಟ ದಿನ ವಕೀಲ್ ಸಾಬ್ ಬಾಡಿಗೆ ಕರಾರಿನ ಜೊತೆಗೆ ಇಂಥದೇ ಒಂದು ಹಸಿರು ಹಾಳೆಯನ್ನೂ ಕೊಟ್ಟರು.

“ಇದನ್ನ ರೇಷನ್ ಕಾರ್ಡ್ ಜೊತೆ ಇಟ್ಕೋಮ್ಮ,” ಅಂದರು. “ಈಗ್ಲೇ ಸಹಿ ಮಾಡ್ಬೇಡ. ಖಾಲಿ ಕಾಗದಕ್ಕೆ ಯಾವತ್ತೂ ಸಹಿ ಹಾಕ್ಬಾರ್ದು. ಬೇಕಾದ ದಿನ ಬರ್ಕೊಳೋದು.”

“ನಿಮ್ಮ ಹೆಸ್ರೇ ಬರ್ದಿಲ್ವಲ್ಲ ಸರ್?”

“ಯಾಕೆ ಬರೀಲಿ? ಆ ದಿನ ನಿಂಗೆ ನಾನೇ ಬೇಕು ಅಂತ ಏನ್ ಗ್ಯಾರಂಟಿ? ಯಾವ ವಕೀಲ ಅಂತ ಆರ್ಸೋದು ನಿನ್ನ ಹಕ್ಕು. ಅದನ್ನ ನಾನು ಇವತ್ತೇ ಕಿತ್ಕೊಂಡ್ರೆ ಹೆಂಗೆ?”

ಹಾಲುಕ್ಕಿಸಲು ಬಂದವಳ ಕೈಗೆ ಕೋರ್ಟಿನ ಕಾಗದ ಇಡುವ ಈ ಮನುಷ್ಯ ನನಗೆ ಅಷ್ಟೇನೂ ಸರಿ ಕಾಣಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, ಬೇರೆ ಮನೆ ನೋಡು ಅಂದಳು. ಆಮೇಲೆ ತಿಳಿಯಿತು, ಇದು ನನಗೊಬ್ಬಳಿಗೇ ಮಾಡಿದ ಉಪಕಾರವಲ್ಲ. ಗಲ್ಲಿಯಲ್ಲಿ ಯಾರಿಗೆ ಹದಿನೆಂಟು ತುಂಬಲಿ, ಯಾರಿಗೆ ಮದುವೆಯಾಗಲಿ, ಯಾರು ಗಾಡಿ ಲೈಸೆನ್ಸ್ ಮಾಡಿಸಲಿ, ವಕೀಲ್ ಸಾಬ್ ಕಡೆಯಿಂದ ಒಂದು ಡಬ್ಬಿ ಮಿಠಾಯಿ ಮತ್ತು ಒಂದು ಹಸಿರು ಹಾಳೆ. ಪಕ್ಕದ ಟೈಲರಮ್ಮ ಅದನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿ, ಮೇಲೆ ಸಾಂಬಾರು ಪುಡಿ ಡಬ್ಬ ಇಟ್ಟಿದ್ದರು. ಅದನ್ನು ನೋಡಿದ ವಕೀಲ್ ಸಾಬ್ ಏನೂ ಅನ್ನದೆ ಇನ್ನೊಂದು ಹಾಳೆ ತಂದುಕೊಟ್ಟರಂತೆ. ಮಿಠಾಯಿಯ ಆಸೆಗೆ ಯಾರೂ ಬೇಡವೆನ್ನುತ್ತಿರಲಿಲ್ಲ.

ಅವರದು ಸಣ್ಣ ಮೈಕಟ್ಟು, ಭಾರದ ಬೂಟು, ಮೈಗೆ ಸದಾ ಲಾವಂಚದ ಅತ್ತರು. ಕರಿ ಕೋಟಿನ ಗುಂಡಿಗಳಲ್ಲಿ ಒಂದು ಕಂದು ಬಣ್ಣದ್ದು. ಕೋಟನ್ನು ಗಲ್ಲಿಯಲ್ಲಿ ತೊಡುತ್ತಲೇ ಇರಲಿಲ್ಲ, ತೋಳಿನ ಮೇಲೆ ಹಾಕಿಕೊಂಡು ಬಸ್ಸಿಗೆ ಹೋಗಿ ಕೋರ್ಟಿನ ಗೇಟಿನಲ್ಲಿ ತೊಡುತ್ತಿದ್ದರು. ಯಾರೂ ಮುಟ್ಟದ ಕೇಸುಗಳೇ ಅವರ ಪಾಲಿಗೆ ಬರುತ್ತಿದ್ದವು. ಮಾಂಸದಂಗಡಿಯವರು “ಬಂದ್ರು ನೋಡಿ ಕಳ್ಳರ ವಕೀಲ್ರು” ಎಂದು ಎದುರಿಗೇ ಛೇಡಿಸುತ್ತಿದ್ದರು. “ಜಡ್ಜು ಹೇಳೋವರ್ಗೂ ಅವನು ಕಳ್ಳ ಅಲ್ಲ. ನೀನು ತೂಕದಲ್ಲಿ ಕಳ್ಳತನ ಮಾಡೋದು ಮಾತ್ರ ಗ್ಯಾರಂಟಿ” ಎಂದು ಇವರೂ ನಗುತ್ತ ಮುಂದೆ ಹೋಗುತ್ತಿದ್ದರು.

ಎರಡನೆಯ ವರ್ಷ ನನ್ನ ತಮ್ಮ ಊರಿನಿಂದ ಬಂದು ನನ್ನ ಜೊತೆ ಇರತೊಡಗಿದ. ಕುಡಿಯುವ ನೀರಿನ ಫಿಲ್ಟರ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕೆಲಸ. ಬೆನ್ನಿಗೊಂದು ಚೀಲ, ಕೈಯಲ್ಲಿ ಫೋನು, ದಿನವಿಡೀ ಹಲಸೂರು, ಇಂದಿರಾನಗರ, ಫ್ರೇಜರ್ ಟೌನ್ ಸುತ್ತಾಟ. ಖಾಲಾಗೆ ಅವನೆಂದರೆ ಬಹಳ ಇಷ್ಟ. ಅವರ ಮನೆಯ ಫಿಲ್ಟರು ಸ್ವಲ್ಪ ಗೊರಗೊರ ಅಂದರೂ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದರು. ಅವನು ಸರಿಮಾಡಿ ಮೊದಲ ಲೋಟ ನೀರನ್ನು ಅವರ ಕೈಗೇ ಕೊಟ್ಟು, ಕುಡಿದು “ಅಚ್ಛಾ ಹೈ” ಅನ್ನುವವರೆಗೆ ನಿಂತಿರುತ್ತಿದ್ದ.

ಆ ಮಂಗಳವಾರವೂ ಹಾಗೇ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ರಿಪೇರಿ ಮಾಡಿ ತನ್ನ ಸುತ್ತಾಟಕ್ಕೆ ಹೊರಟ. ಮಧ್ಯಾಹ್ನ ಮೂರಕ್ಕೆ ವಕೀಲ್ ಸಾಬ್ ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಖಾಲಾ ನಡುಮನೆಯಲ್ಲಿ ತಲೆಗೆ ಏಟು ಬಿದ್ದು ಮಲಗಿದ್ದರು. ಕೈಯಲ್ಲಿ ಬಳೆಗಳಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ತಮ್ಮ ಮರೆತುಹೋದ ಸ್ಪ್ಯಾನರ್ ಇತ್ತು.

ಎರಡು ದಿನ ಖಾಲಾಗೆ ಪ್ರಜ್ಞೆ ಬರಲಿಲ್ಲ. ಬಂದ ಮೇಲೆ ಪೊಲೀಸರು, ಅವತ್ತು ಮನೆಗೆ ಯಾರು ಬಂದಿದ್ದರು ಎಂದು ಕೇಳಿದರು. ಫಿಲ್ಟರ್ ಹುಡುಗ ಬಂದಿದ್ದ ಎಂದು ಅವರು ಹೇಳಿದರು. ಅದು ನಿಜವೇ. ಪೊಲೀಸರು ಬರೆದುಕೊಂಡದ್ದು ಅಷ್ಟೇ, ಸಂಜೆಯೊಳಗೆ ತಮ್ಮನನ್ನು ಠಾಣೆಗೆ ಕರೆದೊಯ್ದರು.

ನನಗೆ ಎರಡು ನಿಮಿಷ ಮಾತಾಡಲು ಬಿಟ್ಟರು. ಅವನು ಬೆಂಚಿನ ತುದಿಗೆ ಕೂತಿದ್ದ. ಕಾಲಲ್ಲಿ ಒಂದೇ ಚಪ್ಪಲಿ.

“ನಾ ಏನೂ ಮಾಡಿಲ್ಲವ್ವ ಅಕ್ಕಾ. ನಾಳೆ ಕೋರ್ಟಿಗೆ ಒಯ್ತಾರಂತ. ವಕೀಲ್ರನ್ನ ಹಿಡೀಬೇಕೇನು?”

ಆಗ ನಾನು ಹೇಳಿದ ಮಾತನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ. “ಬ್ಯಾಡ,” ಅಂದೆ. “ವಕೀಲ್ ಸಾಬರ ಎದುರಿಗೆ ನಾವು ಇನ್ನೊಬ್ಬ ವಕೀಲ್ರನ್ನ ನಿಲ್ಲಿಸಿದ್ರ ಅವ್ರಿಗೆ ಎಷ್ಟು ಬ್ಯಾಸರ ಆಗ್ಬಹುದು? ನಮ್ಮನ್ನ ಮನಿ ಮಕ್ಕಳ್ಹಂಗ ನೋಡ್ಯಾರ. ಜಡ್ಜ್ ಕೇಳಿದ್ರ ಬ್ಯಾಡ ಅನ್ನು. ತಪ್ಪು ಮಾಡ್ದವ್ರು ವಕೀಲ್ರನ್ನ ಹುಡುಕ್ತಾರ, ನಾವ್ಯಾಕ?”

ದೊಡ್ಡವರ ಎದುರು ದನಿ ಎತ್ತಬಾರದೆಂದು ಕಲಿತು ಬಂದವರು ನಾವು. ವಕೀಲರನ್ನು ಇಟ್ಟುಕೊಳ್ಳುವುದನ್ನೂ ಎದುರಾಡುವುದರ ಲೆಕ್ಕಕ್ಕೇ ಸೇರಿಸಿದ್ದೆ. ಮರುದಿನ ಕೋರ್ಟಿನಲ್ಲಿ ನ್ಯಾಯಾಧೀಶರು ವಕೀಲರಿದ್ದಾರಾ ಎಂದು ಕೇಳಿದರು. ಇಲ್ಲದಿದ್ದರೆ ಸರ್ಕಾರದ ಕಡೆಯಿಂದ ಕೊಡುತ್ತೇವೆ ಎಂದೂ ಹೇಳಿದರು. ತಮ್ಮ ಕೈಮುಗಿದು, “ಬ್ಯಾಡ್ರಿ ಸಾಹೇಬ್ರ, ನಮ್ಮಕ್ಕ ಬ್ಯಾಡ ಅಂದಾಳ್ರಿ” ಅಂದ. ಕೋರ್ಟಿನಲ್ಲಿದ್ದ ಕೆಲವರು ನಕ್ಕರು. ಮೂರು ದಿನ ಪೊಲೀಸ್ ಕಸ್ಟಡಿಗೆ ಕೊಟ್ಟರು.

ಆ ಮೂರು ದಿನಗಳಲ್ಲಿ ಅವನಿಗೆ ಏನಾಯಿತೆಂದು ಅವನು ಇವತ್ತಿಗೂ ಪೂರ್ತಿ ಹೇಳಿಲ್ಲ. ನಾಲ್ಕನೆಯ ದಿನ ಜೈಲಿಗೆ ಕಳಿಸುವ ಮುನ್ನ ನೋಡಿದಾಗ ಎಡಗೈ ಮಡಚಲು ಆಗುತ್ತಿರಲಿಲ್ಲ. ಯಾವುದೋ ಕಾಗದಕ್ಕೆ ಸಹಿ ಮಾಡಿದೆ ಅಂದ. ಅದರಲ್ಲಿ ಏನು ಬರೆದಿತ್ತೆಂದು ಅವನಿಗೆ ಗೊತ್ತಿರಲಿಲ್ಲ...

ಆಗ ನನಗೆ ಬುದ್ಧಿ ಬಂತು. ರಜೆ ಹಾಕಿ ಕೋರ್ಟಿನ ಸುತ್ತ ವಕೀಲರನ್ನು ಹುಡುಕಿಕೊಂಡು ತಿರುಗಿದೆ. ನಾಲ್ಕು ಜನರ ಹತ್ತಿರ ಹೋದೆ. ಎಲ್ಲರೂ ಕೂರಿಸಿ ಮಾತಾಡಿಸಿದರು, ಒಬ್ಬರು ಟೀ ಕೂಡ ಕುಡಿಸಿದರು. ಯಾರ ಮನೆಯ ವಿಷಯವೆಂದು ತಿಳಿದ ಕೂಡಲೇ ಮುಖ ಬೇರೆ ಕಡೆ ತಿರುಗುತ್ತಿತ್ತು. “ನಮ್ ಸೀನಿಯರ್ ಮನೆಯವ್ರಿಗೇ ಹೊಡ್ದಿದ್ದಾನಮ್ಮ. ಇಲ್ಲಿ ಯಾರೂ ತಗೊಳಲ್ಲ, ನಾವೆಲ್ಲ ಮಾತಾಡ್ಕೊಂಡಿದೀವಿ” ಎಂದು ನಾಲ್ಕನೆಯವರು ಬಾಯಿಬಿಟ್ಟು ಹೇಳಿದರು. ಸರ್ಕಾರದ ವಕೀಲರನ್ನಾದರೂ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ತಲೆ ಅಷ್ಟು ಕೆಟ್ಟಿತ್ತು.

ಮನೆ ಖಾಲಿ ಮಾಡಲು ನಿರ್ಧರಿಸಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಸಂಜೆಯ ಆಜಾನ್ ಆಗ ತಾನೇ ಮುಗಿದಿತ್ತು. ಮೆಟ್ಟಿಲ ಮೇಲೆ ಭಾರದ ಬೂಟಿನ ಸದ್ದು ಕೇಳಿಸಿತು. ಬಾಗಿಲಲ್ಲಿ ವಕೀಲ್ ಸಾಬ್. ಒಂದು ವಾರದಲ್ಲಿ ಹತ್ತು ವರ್ಷ ದೊಡ್ಡವರಾಗಿದ್ದರು. ಗಡ್ಡ ಬೆಳೆದಿತ್ತು, ಮೈಗೆ ಆಸ್ಪತ್ರೆಯ ವಾಸನೆ. ಬೈಯಲು ಬಂದರು ಅಂದುಕೊಂಡು ತಲೆ ತಗ್ಗಿಸಿದೆ.

“ನಾನು ಕೊಟ್ಟ ಕಾಗದ ಎಲ್ಲಿ?” ಅಂದರು.

“ಯಾವ ಕಾಗದ ಸರ್?”

“ಹಸ್ರು ಕಾಗದಮ್ಮ. ರೇಷನ್ ಕಾರ್ಡ್ ಜೊತೆ ಇಡು ಅಂದಿದ್ನಲ್ಲ.”

ಫೈಲಿನಿಂದ ತೆಗೆದು ಕೊಡಲು ಹೋದೆ. ಅವರು ಮುಟ್ಟಲಿಲ್ಲ.

“ನಿನ್ ತಮ್ಮ ವಕೀಲ ಬೇಡ ಅಂದಾಗ ನಾನು ಹಿಂದಿನ ಬೆಂಚಲ್ಲಿ ಕೂತಿದ್ದೆ. ಅಕ್ಕ ಬೇಡ ಅಂದ್ಲು ಅಂದ. ನನ್ ಮೇಲಿನ ಇಜ್ಜತ್‌ಗೆ ತಾನೇ ಬೇಡ ಅಂದಿದ್ದು? ಅಂಥ ಇಜ್ಜತ್, ಅಂಥ ಮರ್ಯಾದೆ ನಂಗೆ ನಕ್ಕೋ, ಬೇಡ.”

“ಸರ್, ಅವ್ನು ಮಾಡಿಲ್ಲ ಸರ್. ನೀವೇ ಹೇಳಿ, ಅವ್ನು ಅಂಥೋನಾ?”

“ಮಾಡಿದ್ನೋ ಇಲ್ವೋ ನಂಗೆ ಗೊತ್ತಿಲ್ಲಮ್ಮ. ನಿಂಗೂ ಗೊತ್ತಿಲ್ಲ, ಪೊಲೀಸರಿಗೂ ಗೊತ್ತಿಲ್ಲ. ಅದಕ್ಕೇ ವಕೀಲ ಬೇಕಾಗೋದು. ನಾಳೆ ಹತ್ತು ಗಂಟೆಗೆ ಕೋರ್ಟ್ ಕ್ಯಾಂಟೀನಿಗೆ ಬಾ. ಪಾತ್ರೆ ಎಲ್ಲ ವಾಪಸ್ ಇಡು, ಮನೆ ಬಿಡು ಅಂತ ನಾನು ಹೇಳಿಲ್ಲ.”

ಮರುದಿನ ಆ ಕ್ಯಾಂಟೀನಿನಲ್ಲಿ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಇಡ್ಲಿ ತಿನ್ನುತ್ತಿದ್ದ ಮೂವತ್ತು ನಲವತ್ತು ಕರಿ ಕೋಟುಗಳ ನಡುವೆ ವಕೀಲ್ ಸಾಬ್ ನಿಂತರು. ಒಬ್ಬೊಬ್ಬರಾಗಿ ಎದ್ದು ಬಂದು ಅವರ ಕೈ ಹಿಡಿದು, ಖಾಲಾ ಹೇಗಿದ್ದಾರೆ ಎಂದು ವಿಚಾರಿಸಿದರು. ಎಲ್ಲರಿಗೂ ಉತ್ತರ ಕೊಟ್ಟು ಮುಗಿಸಿದ ಮೇಲೆ ಅವರು ದನಿ ಎತ್ತಿ ಮಾತಾಡಿದರು.

“ಹೊಡೆತ ತಿಂದವಳು ನನ್ ಹೆಂಡ್ತಿ. ಕಂಪ್ಲೇಂಟ್ ಕೊಟ್ಟವನು ನಾನು. ಈ ಹುಡ್ಗಿ ತಮ್ಮನಿಗೆ ಯಾರೂ ನಿಲ್ಲಬಾರ್ದು ಅಂತ ಮಾತಾಡ್ಕೊಂಡಿದೀರಂತೆ. ನನ್ ಮೇಲಿನ ಪ್ರೀತಿಗೆ ಮಾಡಿದ್ರಿ, ಸರಿ. ಆದ್ರೆ ನಾನು ಮೂವತ್ತು ವರ್ಷ ಇಲ್ಲಿ ಮಾಡಿದ ಕೆಲ್ಸಕ್ಕೆ ಏನ್ ಅರ್ಥ ಉಳೀತು ಹೇಳಿ? ಅವನಿಗೆ ವಕೀಲ ಇಲ್ದೆ ಶಿಕ್ಷೆ ಆದ್ರೆ, ನನ್ ಹೆಂಡ್ತಿಗೆ ಹೊಡ್ದವನು ಯಾರು ಅಂತ ನಂಗೆ ಸಾಯೋವರ್ಗೂ ಗೊತ್ತಾಗಲ್ಲ.”

ಇವರು ನನ್ನ ಕಡೆ ತಿರುಗಿ, “ನಾನು ಹೋಗ್ತೀನಮ್ಮ. ಯಾರನ್ನ ಆರಿಸ್ತೀಯ ಅಂತ ನಾನು ನೋಡ್ಬಾರ್ದು. ನಂಗೆ ಹೇಳೋದೂ ಬೇಡ” ಎಂದು ಕೋಟು ಸರಿಮಾಡಿಕೊಂಡು ಹೊರಟೇಬಿಟ್ಟರು. ಅಷ್ಟು ಜನರ ನಡುವೆ ನಾನು ಹಸಿರು ಹಾಳೆ ಹಿಡಿದು ನಿಂತಿದ್ದೆ. ಆಮೇಲೆ ಮೂರು ಜನ ಬಂದು ಮಾತಾಡಿಸಿದರು. ಆ ಮೂವರಲ್ಲಿ ಕೆ.ಆರ್. ಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಚಿಕ್ಕ ವಯಸ್ಸಿನ ವಕೀಲೆ ಮಾತ್ರ “ನಿಮ್ ತಮ್ಮ ಊಟ ಮಾಡ್ತಿದಾನಾ?” ಎಂದು ಮೊದಲು ಕೇಳಿದಳು. ನನಗೆ ಅಷ್ಟು ಸಾಕಾಯಿತು, ಹಾಳೆಯಲ್ಲಿ ಅವಳ ಹೆಸರನ್ನೇ ಬರೆಸಿದೆ. ತಮ್ಮ ಕೋರ್ಟಿಗೆ ಬಂದಾಗ ಪೊಲೀಸಿನವನ ಪಕ್ಕದಲ್ಲೇ ಗೋಡೆಗೆ ಹಾಳೆ ಒತ್ತಿ ಹಿಡಿದು ಸಹಿ ಮಾಡಿದ. ಮಾಡುವ ಮುಂಚೆ ನನ್ನ ಮುಖ ನೋಡಿದ. “ಬ್ಯಾಡ ಅಂದಿದ್ದು ನನ್ ತಪ್ಪು,” ಅಂದೆ. “ಹಾಕು.”

ಎರಡು ತಿಂಗಳ ಮೇಲೆ ಜಾಮೀನು ಸಿಕ್ಕಿತು. ಸಾಕ್ಷಿಗಳಿಂದ ದೂರ ಇರಬೇಕೆಂಬ ಷರತ್ತಿದ್ದದ್ದರಿಂದ ತಮ್ಮ ಮಹದೇವಪುರದಲ್ಲಿ ಗೆಳೆಯನ ಕೋಣೆಗೆ ಹೋದ. ನಾನು ಮಾತ್ರ ಅದೇ ಮನೆಯಲ್ಲಿ ಉಳಿದೆ. ಕೇಸು ಎರಡು ವರ್ಷ ಎಳೆಯಿತು. ಖಾಲಾ ಕೋಲು ಹಿಡಿದು ಓಡಾಡುವಷ್ಟು ಚೇತರಿಸಿಕೊಂಡರು. ಮೆಟ್ಟಿಲ ಬಳಿ ಎದುರಾದರೆ ಇಬ್ಬರೂ ನೆಲ ನೋಡುತ್ತಿದ್ದೆವು. ವಕೀಲ್ ಸಾಬ್ ಇಬ್ಬರಿಗೂ ಒಂದೇ ಮಾತು ಹೇಳಿದ್ದರು. ಕೇಸಿನ ಬಗ್ಗೆ ಆ ಮನೆಯಲ್ಲಿ ಯಾರೂ ಉಸಿರೆತ್ತಬಾರದು. ತಾವೂ ಹಾಗೇ ನಡೆದುಕೊಂಡರು. ಅವತ್ತು ಏನಾಯಿತೆಂದು ಸ್ವಂತ ಹೆಂಡತಿಯನ್ನು ಎರಡು ವರ್ಷ ಒಂದು ಸಲವೂ ಕೇಳಲಿಲ್ಲ. ಸಾಕ್ಷಿಗೆ ಪಾಠ ಹೇಳಿಕೊಡಬಾರದು, ಕೇಳುತ್ತ ಹೋದರೆ ಅದೂ ಪಾಠವೇ ಆಗುತ್ತದೆ ಎಂಬುದು ಅವರ ಪದ್ಧತಿ. ಇದು ನನಗೆ ತಿಳಿದದ್ದು ಆಮೇಲೆ.

ಖಾಲಾ ಸಾಕ್ಷಿ ಹೇಳುವ ದಿನ ಬಂತು. ವಕೀಲ್ ಸಾಬರ ಸಾಕ್ಷ್ಯ ಮೊದಲೇ ಮುಗಿದಿದ್ದರಿಂದ ಅವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅದೇ ಬೆಂಚಿನ ಇನ್ನೊಂದು ತುದಿಗೆ ನಾನು. ನಮ್ಮ ವಕೀಲೆಯ ಕೈಯಲ್ಲಿ ತಮ್ಮನ ಕಂಪನಿಯ ದಾಖಲೆ ಇತ್ತು. ಅವನು ಹನ್ನೆರಡೂವರೆಗೆ ಹಲಸೂರು ಕೆರೆಯ ಹತ್ತಿರ ಇನ್ನೊಂದು ಮನೆಯಲ್ಲಿದ್ದ, ಅಲ್ಲಿಂದ ಸಂಜೆಯವರೆಗೆ ಬೇರೆ ಮನೆಗಳಲ್ಲಿದ್ದ ಎಂಬುದಕ್ಕೆ ಅದು ಪುರಾವೆ. ಆದರೆ ಹನ್ನೆರಡಕ್ಕೇ ಹೊಡೆದು ಹೋಗಿರಬಹುದಲ್ಲ ಎಂಬುದು ಪೊಲೀಸರ ವಾದ. ಏಟು ಎಷ್ಟು ಹೊತ್ತಿಗೆ ಬಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಖಾಲಾಗೂ ನೆನಪಿಲ್ಲವೆಂದೇ ಎಲ್ಲರೂ ತಿಳಿದಿದ್ದರು.

ನಮ್ಮ ವಕೀಲೆ ಮೆಲ್ಲಗೆ ಕೇಳಿದಳು. “ಅಮ್ಮಾ, ಫಿಲ್ಟರ್ ಹುಡ್ಗ ಹೊರಟಾಗ ಬಾಗಿಲು ಹಾಕಿದ್ದು ಯಾರು?”

“ನಾನೇ.”

“ಆಮೇಲೆ ಏನ್ ಮಾಡಿದ್ರಿ?”

“ನೀರ್ ಕುಡ್ದೆ. ಕೈಕಾಲು ಮುಖ ತೊಳ್ದು ವಜೂ ಮಾಡ್ದೆ. ಜೋಹರ್ ನಮಾಜ್ ಮಾಡ್ದೆ,” ಅಂದರು ಖಾಲಾ. “ಆಮೇಲೆ ಅಕ್ಕಿ ಆರಿಸ್ತಾ ಕೂತೆ. ಬೆಲ್ ಆಯ್ತು. ಬಾಗಿಲು ತೆಗೆಯಕ್ಕೆ ಎದ್ದೆ... ಅದಾದ್ಮೇಲೆ ಏನೂ ಯಾದ್ ಇಲ್ಲ.”

“ಇದನ್ನ ಪೊಲೀಸರಿಗೆ ಹೇಳಿದ್ರಾ?”

“ಅವ್ರು ಯಾರ್ ಬಂದಿದ್ರು ಅಂತ ಕೇಳಿದ್ರು. ಅಷ್ಟೇ. ಆಮೇಲೆ ಯಾರೂ ನನ್ನ ಏನೂ ಕೇಳ್ಲಿಲ್ಲ ಬೇಟೀ. ನಮ್ ಮನೆಯವ್ರೂ ಕೇಳ್ಲಿಲ್ಲ.”

ಜೋಹರ್ ಅಂದರೆ ಮಧ್ಯಾಹ್ನದ ನಮಾಜು, ಹನ್ನೆರಡು ದಾಟದೆ ಅದರ ಹೊತ್ತೇ ಆಗುವುದಿಲ್ಲ. ಅದು ಮುಗಿದು ಅಕ್ಕಿ ಆರಿಸುವ ಹೊತ್ತಿಗೆ ನನ್ನ ತಮ್ಮ ಹಲಸೂರಿನಲ್ಲಿ ಯಾರದೋ ಅಡುಗೆಮನೆಯಲ್ಲಿ ಕೂತು ಪೈಪು ಬಿಚ್ಚುತ್ತಿದ್ದ. ಆ ಒಂದು ಪ್ರಶ್ನೆ ಕೇಳಲು ಅವನ ಕಡೆಯಿಂದ ಒಬ್ಬರು ಬೇಕಿತ್ತು. ನಾನು ಬೆಂಚಿನ ಆ ತುದಿ ನೋಡಿದೆ. ವಕೀಲ್ ಸಾಬ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ತಮ್ಮ ಬಿಡುಗಡೆಯಾದ. ನಾನು ಖುಷಿಪಡಬೇಕಿತ್ತು, ಪಟ್ಟೆ ಕೂಡ. ಆದರೆ ಅದರ ಜೊತೆಗೇ ಸಿಟ್ಟೂ ಬಂದಿತ್ತು. ಒಂದೇ ಸೂರಿನಡಿ ಎರಡು ವರ್ಷ ಇದ್ದು ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ನನ್ನ ತಮ್ಮ ಇಷ್ಟು ಬೇಯಬೇಕಿತ್ತೇ? ತೀರ್ಪಿನ ಸಂಜೆ ಕೆಳಗೆ ಹೋಗಿ ಇದನ್ನೇ ಕೇಳಿದೆ. ನನ್ನ ದನಿ ಗಲ್ಲಿಗೆಲ್ಲ ಕೇಳಿಸಿರಬೇಕು. ದೊಡ್ಡವರ ಎದುರು ಎತ್ತಬಾರದೆಂದು ಕಲಿತಿದ್ದ ದನಿ.

ವಕೀಲ್ ಸಾಬ್ ಎದ್ದು ನಿಂತು ಕೇಳಿಸಿಕೊಂಡರು. “ಕೇಳಕ್ಕೆ ನಂಗೆ ಹೆದ್ರಿಕೆ ಇತ್ತಮ್ಮ,” ಅಂದರು. “ಅವನೇ ಮಾಡಿರ್ಲಿ ಅಂತ ನನ್ ಮನಸ್ಸಲ್ಲಿ ಆಸೆ ಇತ್ತು. ಯಾರಾದ್ರೂ ಒಬ್ಬ ಸಿಗ್ಬೇಕಿತ್ತಲ್ಲ. ನಾನು ಹಂಗೆ ಆಸೆ ಇಟ್ಕೊಂಡು ಕೇಳಿದ್ರೆ, ಅವ್ಳು ನಂಗೋಸ್ಕರ ಅವನ ಹೆಸ್ರೇ ಹೇಳ್ಬಿಡ್ತಿದ್ಲು. ಅದಕ್ಕೇ ನಿಮ್ ಕಡೆ ವಕೀಲ ಇರ್ಲೇಬೇಕು ಅಂತ ಹಟ ಮಾಡ್ದೆ. ನನ್ ಮೇಲೆ ನಂಗೇ ನಂಬ್ಕೆ ಇರ್ಲಿಲ್ಲ.”

ನಾನು ಅಳುತ್ತ ನಿಂತುಬಿಟ್ಟೆ. ಅವರು ಒಳಗೆ ಹೋಗಿ ಒಂದು ಡಬ್ಬಿ ಮಿಠಾಯಿ ಮತ್ತು ಇನ್ನೊಂದು ಹಸಿರು ಹಾಳೆ ತಂದರು. “ಮೊದಲ್ನೇದು ಖರ್ಚಾಯ್ತಲ್ಲ,” ಅಂದರು. ಖಾಲಾ ಕೋಲೂರಿಕೊಂಡು ಬಾಗಿಲಿಗೆ ಬಂದು, ಫಿಲ್ಟರು ಮತ್ತೆ ಗೊರಗೊರ ಅನ್ನುತ್ತಿದೆ, ತಮ್ಮನನ್ನು ಕಳಿಸು ಎಂದರು. ಮರುದಿನ ಅವನು ಬಂದ. ಮೊದಲ ಲೋಟ ಅವರ ಕೈಗೆ ಕೊಟ್ಟು ನಿಂತ. ಅವರು ನೀರು ಕುಡಿಯದೆ ಅವನ ಎಡಗೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು...

ಹೊಡೆದವನು ಸಿಗಲೇ ಇಲ್ಲ, ಬಳೆಗಳೂ ಸಿಗಲಿಲ್ಲ. ನಾನು ಮದುವೆಯಾಗಿ ಈ ಕಡೆ ಬಂದ ಮೂರನೆಯ ವರ್ಷ ವಕೀಲ್ ಸಾಬ್ ತೀರಿಕೊಂಡರು. ಜನಾಜಾಕ್ಕೆ ಹೆಗಲು ಕೊಟ್ಟವರಲ್ಲಿ ನನ್ನ ತಮ್ಮನೂ ಇದ್ದ. ಗಲ್ಲಿಯ ಕೊನೆಯವರೆಗೆ ಕರಿ ಕೋಟುಗಳಿದ್ದವು. ಅವರ ಹಿಂದೆ ಮಾಂಸದಂಗಡಿಯವರು, ಟೈಲರು, ಇನ್ನು ಯಾರ್ಯಾರೋ, ಬಹುಶಃ ಅವರು ಬಿಡಿಸಿದವರು. ಖಾಲಾ ಫ್ರೇಜರ್ ಟೌನಿನಲ್ಲಿದ್ದ ತಂಗಿಯ ಮನೆಗೆ ಹೋದರು. ಆ ಮನೆ ಈಗಿಲ್ಲ, ಗೋದಾಮು ಅದರ ಮೇಲೂ ಬೆಳೆದಿದೆ. ಹೋದ ತಿಂಗಳು ಆ ಕಡೆ ಹೋದಾಗ ನಮ್ಮ ಮೆಟ್ಟಿಲು ಎಲ್ಲಿತ್ತೆಂದು ಗುರುತು ಹಿಡಿಯಲಾಗಲಿಲ್ಲ.

ಗ್ಯಾಸಿನ ಕಾಗದ ಇನ್ನೂ ಸಿಕ್ಕಿಲ್ಲ. ಹಸಿರು ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ವಕೀಲರ ಹೆಸರಿನ ಜಾಗದಲ್ಲಿ ಬರೆಯಲು ನನಗೆ ತೋಚುವುದು ಒಂದೇ ಹೆಸರು. ಅವರಿದ್ದಾಗ ಬರೆಯಲು ಅವರೇ ಬಿಡಲಿಲ್ಲ. ಈಗ ಬರೆದರೆ ಬಂದು ನಿಲ್ಲಲು ಅವರಿಲ್ಲ. ಪೆನ್ನು ಮುಚ್ಚಿಟ್ಟು, ಹಾಳೆಯನ್ನು ಮೊದಲಿನ ಗೆರೆಗಳಲ್ಲೇ ಮಡಚಿ, ರೇಷನ್ ಕಾರ್ಡಿನ ಜೊತೆಗೆ ಇಟ್ಟೆ.